ಹಾರುವ ಹೆಲಿಕಾಪ್ಟರ್‌ನ ರೆಕ್ಕೆ ನಿಂತಿರಲು ಸಾಧ್ಯವೇ? ಚುಕ್ಕಿಗಳಲ್ಲಿ ಅಲೆ ಹಿಡಿಯುವ 'ಸ್ಯಾಂಪ್ಲಿಂಗ್' ಬಗ್ಗೆ ತಿಳಿಯಿರಿ

ಹೆಲಿಕಾಪ್ಟರೊಂದು ನೆಲ ಬಿಟ್ಟು ಮೇಲೇರುತ್ತದೆ, ಮುಂದೆ ಸಾಗುತ್ತದೆ. ಆದರೆ ಅದರ ತಲೆಯ ಮೇಲಿನ ರೆಕ್ಕೆಗಳು ಒಂದಿಷ್ಟೂ ತಿರುಗುವುದಿಲ್ಲ. ಆಟಿಕೆಯನ್ನು ದಾರ ಕಟ್ಟಿ ಎಳೆದಂತೆ ಕಾಣುತ್ತದೆ. ಈ ಬಗೆಯ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ಜೊತೆಗಿನ ಒಕ್ಕಣೆ ಎರಡು ತರಹ ಇರುತ್ತದೆ. ಒಂದು, "ವಿಜ್ಞಾನಕ್ಕೂ ಉತ್ತರ ಸಿಗದ ಪವಾಡ". ಇನ್ನೊಂದು, "ಇದು ಗ್ರಾಫಿಕ್ಸ್, ಮೋಸ ಹೋಗಬೇಡಿ".

ಎರಡೂ ತಪ್ಪು. ವಿಡಿಯೋ ಅಸಲಿಯೇ ಆಗಿರಬಹುದು, ರೆಕ್ಕೆಗಳೂ ಪೂರ್ತಿ ವೇಗದಲ್ಲಿ ತಿರುಗುತ್ತಿರಬಹುದು.

ಇದೇ ಸಾಲಿಗೆ ಸೇರುವ ಇನ್ನೆರಡು ಮಾತುಗಳನ್ನೂ ನಾವು ಆಗಾಗ ಕೇಳುತ್ತೇವೆ. "ಡಿಜಿಟಲ್ ಹಾಡಿನಲ್ಲಿ ಶಬ್ದವನ್ನು ಕತ್ತರಿಸಿ ಇಡುತ್ತಾರೆ, ನಡುವಿನದ್ದೆಲ್ಲ ಕಳೆದುಹೋಗಿರುತ್ತದೆ" ಎಂಬುದು ಒಂದು. "ಸ್ಮಾರ್ಟ್‌ವಾಚ್‌ನಲ್ಲಿ ನಾರ್ಮಲ್ ಬಂದರೆ ಹೃದಯಕ್ಕೆ ಏನೂ ಆಗಿಲ್ಲ, ಡಾಕ್ಟರ ಹತ್ತಿರ ಹೋಗುವುದು ದಂಡ" ಎಂಬುದು ಇನ್ನೊಂದು. ಹೆಲಿಕಾಪ್ಟರ್, ಹಾಡು, ಹೃದಯ ಈ ಮೂರನ್ನೂ ಅರ್ಥ ಮಾಡಿಕೊಳ್ಳಲು ಬೇಕಾದ ವಿಷಯ ಒಂದೇ: ಸ್ಯಾಂಪ್ಲಿಂಗ್. ಹಾಗಾದರೆ ಇದೇನೆಂದು ನೋಡೋಣ ಬನ್ನಿ.

ಚುಟುಕಾಗಿ ಹೇಳುವುದಾದರೆ

- ಬಿಡದೆ ಸಾಗುವ ಒಂದು ಅಲೆಯನ್ನು ಆಗೊಮ್ಮೆ ಈಗೊಮ್ಮೆ ಅಳೆದು, ಆ ಅಳತೆಗಳನ್ನು ಚುಕ್ಕಿಗಳಾಗಿ ಬರೆದಿಡುವುದೇ ಸ್ಯಾಂಪ್ಲಿಂಗ್.
- ಚುಕ್ಕಿಗಳು ಸಾಕಷ್ಟು ಒತ್ತಾಗಿದ್ದರೆ ಇಡೀ ಅಲೆಯನ್ನು ಮತ್ತೆ ಕಟ್ಟಬಹುದು. ನಡುವಿನದ್ದು ಕಳೆದುಹೋಗುವುದಿಲ್ಲ.
- ಚುಕ್ಕಿಗಳು ವಿರಳವಾಗಿದ್ದರೆ ಅಲೆ ಬರೀ ಮಸುಕಾಗುವುದಿಲ್ಲ. ಅದರ ಜಾಗದಲ್ಲಿ ಬೇರೆಯೇ ಒಂದು ಹುಸಿ ಅಲೆ ಕಾಣಿಸಿಕೊಳ್ಳುತ್ತದೆ, ಅದೂ ಅಸಲಿಯಂತೆಯೇ.

ಮೊದಲು ಸಮುದ್ರದ ಉದಾಹರಣೆ

ಮಲ್ಪೆಯ ಕಡಲತೀರದಲ್ಲಿ ಒಂದು ಕಂಬ ನೆಟ್ಟು, ನೀರು ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕುತ್ತೀರಿ ಎಂದುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಅಂದರೆ ಎರಡು ಉಬ್ಬರಗಳಿಗೆ 24 ಗಂಟೆ 50 ನಿಮಿಷ ಬೇಕು. ಹಾಗಾಗಿ ಇಂದಿನ ಉಬ್ಬರಕ್ಕಿಂತ ನಾಳೆಯದ್ದು ಸುಮಾರು 50 ನಿಮಿಷ ತಡ. ಕಡಲ ಬದಿಯವರಿಗೆ ಇದು ಹೊಸ ವಿಷಯವಲ್ಲ.

ನೀವು ಗಂಟೆಗೊಮ್ಮೆ ಗುರುತು ಹಾಕಿದರೆ ನೀರು ಏರಿದ್ದು, ಇಳಿದದ್ದು ಎಲ್ಲವೂ ಚೀಟಿಯಲ್ಲಿ ಬರುತ್ತದೆ. ಆ ಚುಕ್ಕಿಗಳನ್ನು ಸೇರಿಸಿದರೆ ಸಮುದ್ರದ ಅಲೆಯೇ ಮೂಡುತ್ತದೆ.

ಈಗ ಸೋಮಾರಿತನ ಮಾಡಿ, ದಿನಕ್ಕೆ ಒಮ್ಮೆ ಮಾತ್ರ, ಬೆಳಿಗ್ಗೆ 7 ಗಂಟೆಗೆ ಹೋಗಿ ಗುರುತು ಹಾಕುತ್ತೀರಿ ಎಂದುಕೊಳ್ಳಿ. ಇಂದು 7 ಗಂಟೆಗೆ ಸರಿಯಾಗಿ ತುಂಬು ಉಬ್ಬರ. ನಾಳೆ ಅದೇ ಹೊತ್ತಿಗೆ ಹೋದರೆ ಉಬ್ಬರಕ್ಕೆ ಇನ್ನೂ 50 ನಿಮಿಷ ಇದೆ, ನೀರು ಸ್ವಲ್ಪ ಕಡಿಮೆ. ನಾಡಿದ್ದು ಇನ್ನೂ ಕಡಿಮೆ. ಸುಮಾರು ಒಂದು ವಾರಕ್ಕೆ 7 ಗಂಟೆ ಎಂದರೆ ಪೂರ್ತಿ ಇಳಿತದ ಹೊತ್ತಾಗಿರುತ್ತದೆ. ಇನ್ನೊಂದು ವಾರಕ್ಕೆ ಮತ್ತೆ ಉಬ್ಬರ.

ನಿಮ್ಮ ಚೀಟಿಯಲ್ಲಿ ಏನು ಕಾಣುತ್ತದೆ? ಸಮುದ್ರ ಎರಡು ವಾರಕ್ಕೊಮ್ಮೆ ಮೆಲ್ಲಗೆ ಏರಿ ಇಳಿಯುವ ಒಂದು ಅಂದವಾದ ಅಲೆ. ಲೆಕ್ಕ ಹಾಕಿದರೆ ಅದರ ಅವಧಿ ಸುಮಾರು 14.8 ದಿನ. ಆದರೆ ಅಷ್ಟು ದಿನದಲ್ಲಿ ಸಮುದ್ರ ನಿಜವಾಗಿ ಏರಿ ಇಳಿದದ್ದು 28ಕ್ಕೂ ಹೆಚ್ಚು ಬಾರಿ.

ಇಲ್ಲಿ ನೀವು ಹಾಕಿದ ಒಂದೊಂದು ಗುರುತೂ ಸರಿಯೇ. ಅಳತೆಯಲ್ಲಿ ತಪ್ಪಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಆದರೂ ಒಟ್ಟು ಚಿತ್ರ ಸುಳ್ಳು. ಈ ಹುಸಿ ಅಲೆಯನ್ನು ಎಂಜಿನಿಯರ್‌ಗಳು ಏಲಿಯಾಸಿಂಗ್ ಎನ್ನುತ್ತಾರೆ. ಏಲಿಯಾಸ್ ಎಂದರೆ ಇನ್ನೊಂದು ಹೆಸರು. ಪೊಲೀಸ್ ದಾಖಲೆಗಳಲ್ಲಿ 'ಅಲಿಯಾಸ್' ಎಂದು ಬರೆಯುತ್ತಾರಲ್ಲ, ಅದೇ ಪದ. ವೇಗದ ಅಲೆಯೊಂದು ನಿಧಾನದ ಅಲೆಯ ವೇಷ ಹಾಕಿಕೊಂಡು ಬರುತ್ತದೆ.

ಹಾಗಾದರೆ ಎಷ್ಟು ಚುಕ್ಕಿ ಬೇಕು?

ಪ್ರತಿ ಅಲೆಗೂ ಒಂದು ಏರು, ಒಂದು ತಗ್ಗು ಇರುತ್ತದೆ. ಹಾಗಾಗಿ ಒಂದು ಸುತ್ತಿಗೆ ಕನಿಷ್ಠ ಎರಡು ಚುಕ್ಕಿ ಬೇಕೆಂಬುದು ಊಹೆಗೆ ಸಿಗುತ್ತದೆ. ಆದರೆ ಸರಿಯಾಗಿ ಎರಡೇ ಇದ್ದರೆ ಅಪಾಯ. ಎರಡೂ ಚುಕ್ಕಿಗಳು ಏರು ತಗ್ಗುಗಳ ನಡುಮಟ್ಟದಲ್ಲೇ ಬಿದ್ದುಬಿಟ್ಟರೆ ಅಲೆಯೇ ಇಲ್ಲದ ಸಪಾಟು ಗೆರೆ ಸಿಗುತ್ತದೆ. ಆದ್ದರಿಂದ ನಿಯಮ ಹೀಗಿದೆ: ಅಲೆಯಲ್ಲಿ ಇರುವ ಅತಿ ವೇಗದ ಏರಿಳಿತ ಸೆಕೆಂಡಿಗೆ ಎಷ್ಟು ಬಾರಿ ಆಗುತ್ತದೋ, ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು.

ಈ ನಿಯಮಕ್ಕೆ ಹಲವರ ಕೊಡುಗೆ ಇದೆ. ಬ್ರಿಟನ್ನಿನ ಗಣಿತಜ್ಞ ಇ. ಟಿ. ವಿಟ್ಟೇಕರ್ 1915ರಲ್ಲಿ ಇದರ ಗಣಿತವನ್ನು ಬರೆದರು. ಅಮೆರಿಕದಲ್ಲಿ ದುಡಿಯುತ್ತಿದ್ದ ಸ್ವೀಡನ್ ಮೂಲದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ಬಗ್ಗೆ ಕೆಲಸ ಮಾಡುವಾಗ ಇದೇ 'ಎರಡು ಪಟ್ಟು' ಲೆಕ್ಕಕ್ಕೆ ಬಂದರು. ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊಟೆಲ್ನಿಕೋವ್ 1933ರಲ್ಲಿ, ಅಮೆರಿಕದ ಕ್ಲಾಡ್ ಶ್ಯಾನನ್ 1949ರಲ್ಲಿ ಸಂಪರ್ಕ ತಂತ್ರಜ್ಞಾನಕ್ಕೆ ಹೊಂದುವಂತೆ ಇದನ್ನು ಸ್ಪಷ್ಟವಾಗಿ ಮಂಡಿಸಿದರು. ಇಂದು ಇದನ್ನು ನೈಕ್ವಿಸ್ಟ್-ಶ್ಯಾನನ್ ಪ್ರಮೇಯ ಎಂದು ಕರೆಯುವುದು ರೂಢಿ.

ಇಲ್ಲಿ ಒಂದು ಸಂಶಯ ಬರುವುದು ಸಹಜ. ಎರಡು ಚುಕ್ಕಿಗಳ ನಡುವೆ ಅಲೆ ಎಲ್ಲಿಗೆ ಹೋಗಿ ಬಂತೆಂದು ನಮಗೆ ಹೇಗೆ ಗೊತ್ತು? ನಡುವೆ ಬೇರೇನೋ ಆಗಿರಬಹುದಲ್ಲ?

ಉತ್ತರ ಆ ನಿಯಮದಲ್ಲೇ ಇದೆ. ಅಲೆಯಲ್ಲಿ ಒಂದು ಮಿತಿಗಿಂತ ವೇಗದ ಏರಿಳಿತವೇ ಇಲ್ಲ ಎಂದು ನಾವು ಮೊದಲೇ ಖಚಿತ ಮಾಡಿಕೊಂಡಿರುತ್ತೇವೆ. ಚುಕ್ಕಿಗಳ ನಡುವೆ ಅಲೆ ಬೇರೆ ದಾರಿ ಹಿಡಿಯಬೇಕಾದರೆ ಆ ಮಿತಿ ಮೀರಿ ಕುಣಿಯಬೇಕಾಗುತ್ತದೆ. ಅಂಥ ಕುಣಿತಕ್ಕೆ ಅವಕಾಶವೇ ಇಲ್ಲದಿದ್ದಾಗ, ಎಲ್ಲ ಚುಕ್ಕಿಗಳನ್ನೂ ಹಾದುಹೋಗುವ ನಯವಾದ ಅಲೆ ಒಂದೇ ಒಂದು ಇರುತ್ತದೆ. ಹಾಗಾಗಿ ಅದನ್ನು ಮತ್ತೆ ಕಟ್ಟುವುದು ಅಂದಾಜಿನ ಕೆಲಸವಾಗದೆ ಗಣಿತದ ಕೆಲಸವಾಗುತ್ತದೆ.

'ಮಿತಿ ಇದೆ ಎಂದು ಮೊದಲೇ ಖಚಿತ ಮಾಡಿಕೊಂಡಿರುವುದು' ಎಂಬ ಷರತ್ತನ್ನು ನೆನಪಿಡಿ. ಮುಂದಿನ ಎಲ್ಲ ವಿಷಯವೂ ಇದರ ಮೇಲೆ ನಿಂತಿದೆ.

ಪ್ರಚಾರದಲ್ಲಿರುವ ಮಾತು 1: ರೆಕ್ಕೆ ತಿರುಗದೆಯೇ ಹೆಲಿಕಾಪ್ಟರ್ ಹಾರಿತು

ವಿಡಿಯೋ ಎಂದರೆ ಒಂದರ ಹಿಂದೆ ಒಂದು ಬರುವ ಫೋಟೋಗಳು. ಸೆಕೆಂಡಿಗೆ 24, 25, 30 ಅಥವಾ 60 ಫೋಟೋ. ಅಂದರೆ ಕ್ಯಾಮೆರಾ ಕೂಡ ಜಗತ್ತನ್ನು ಚುಕ್ಕಿ ಚುಕ್ಕಿಯಾಗಿಯೇ ಹಿಡಿಯುತ್ತದೆ.

ಒಂದು ಲೆಕ್ಕ ನೋಡಿ. ಹೆಲಿಕಾಪ್ಟರ್‌ಗೆ 5 ರೆಕ್ಕೆಗಳಿವೆ, ಅವು ನಿಮಿಷಕ್ಕೆ 300 ಸುತ್ತು ತಿರುಗುತ್ತಿವೆ ಎಂದುಕೊಳ್ಳಿ. ಸೆಕೆಂಡಿಗೆ 5 ಸುತ್ತಾಯಿತು. ಕ್ಯಾಮೆರಾ ಸೆಕೆಂಡಿಗೆ 25 ಫೋಟೋ ತೆಗೆಯುತ್ತಿದ್ದರೆ, ಒಂದು ಫೋಟೋದಿಂದ ಇನ್ನೊಂದಕ್ಕೆ ರೆಕ್ಕೆ ತಿರುಗುವುದು ಸುತ್ತಿನ ಐದನೇ ಒಂದು ಭಾಗ. ಅಷ್ಟರಲ್ಲಿ ಒಂದನೇ ರೆಕ್ಕೆ ಇದ್ದ ಜಾಗಕ್ಕೆ ಹಿಂದಿನ ರೆಕ್ಕೆ ಸರಿಯಾಗಿ ಬಂದು ನಿಂತಿರುತ್ತದೆ. ಎಲ್ಲ ರೆಕ್ಕೆಗಳೂ ನೋಡಲು ಒಂದೇ ತರಹ ಇರುವುದರಿಂದ ಪ್ರತಿ ಫೋಟೋವೂ ಒಂದೇ ಆಗುತ್ತದೆ. ಫಲಿತಾಂಶ, 'ನಿಂತ ರೆಕ್ಕೆ'. ಬಿಸಿಲಿನಲ್ಲಿ ಒಂದೊಂದು ಫೋಟೋಗೆ ಕ್ಯಾಮೆರಾ ತೀರಾ ಕಡಿಮೆ ಹೊತ್ತು ತೆರೆದುಕೊಳ್ಳುವುದರಿಂದ ರೆಕ್ಕೆ ಮಸುಕಾಗದೆ ಚೊಕ್ಕವಾಗಿ ಕಾಣುತ್ತದೆ.

ವೇಗ ಇದಕ್ಕಿಂತ ಒಂದಿಷ್ಟು ಕಡಿಮೆಯಾದರೆ ಪ್ರತಿ ಫೋಟೋದಲ್ಲೂ ರೆಕ್ಕೆ ಸ್ವಲ್ಪ ಹಿಂದೆ ಬೀಳುತ್ತದೆ. ಆಗ ಅದು ಹಿಮ್ಮುಖವಾಗಿ ತಿರುಗಿದಂತೆ ಕಾಣುತ್ತದೆ. ಹಳೆಯ ಸಿನಿಮಾಗಳಲ್ಲಿ ಸಾರೋಟಿನ ಚಕ್ರ, ಈಗಿನ ವಿಡಿಯೋಗಳಲ್ಲಿ ಕಾರಿನ ಅಲಾಯ್ ವೀಲ್ ಹಿಂದಕ್ಕೆ ತಿರುಗುವುದಕ್ಕೂ ಇದೇ ಕಾರಣ. ಪೈಪಿನಿಂದ ಬೀಳುವ ನೀರು ಗಾಳಿಯಲ್ಲಿ ಹೆಪ್ಪುಗಟ್ಟಿದಂತೆ, ಕೆಲವೊಮ್ಮೆ ಮೇಲಕ್ಕೆ ಹರಿದಂತೆ ತೋರುವ ವಿಡಿಯೋಗಳೂ ಇದೇ ಜಾತಿಯವು. ಅಲ್ಲಿ ಸ್ಪೀಕರ್ ಒಂದರಿಂದ ಪೈಪನ್ನು ಕ್ಯಾಮೆರಾದ ವೇಗಕ್ಕೆ ಸರಿಹೊಂದುವಂತೆ ಕಂಪಿಸಿರುತ್ತಾರೆ. ಬರಿಗಣ್ಣಿಗೆ ಆ ನೀರು ಸುಮ್ಮನೆ ಬೀಳುತ್ತಲೇ ಇರುತ್ತದೆ.

ನೀವೇ ಮಾಡಿ ನೋಡಿ

ನಮ್ಮ ಮಾತನ್ನು ನಂಬಬೇಕಿಲ್ಲ, ಮನೆಯಲ್ಲೇ ಪರೀಕ್ಷಿಸಬಹುದು. ಮೂರು ರೆಕ್ಕೆಯ ಟೇಬಲ್ ಫ್ಯಾನನ್ನು ಹಗಲು ಬೆಳಕಿರುವ ಕಿಟಕಿಯ ಬಳಿ ಇಡಿ. ಜಾಲರಿ ತೆಗೆಯುವುದು ಬೇಡ, ಹತ್ತಿರ ಕೈ ಒಡ್ಡುವುದೂ ಬೇಡ. ಫುಲ್ ಸ್ಪೀಡಿಗೆ ಹಾಕಿ, ಮೊಬೈಲ್‌ನಲ್ಲಿ ಸೆಕೆಂಡಿಗೆ 30 ಫೋಟೋ ಇರುವ ಮಾಮೂಲಿ ವಿಡಿಯೋ ಶುರು ಮಾಡಿ, ಆಮೇಲೆ ಸ್ವಿಚ್ ಆರಿಸಿ.

ಫ್ಯಾನ್ ನಿಧಾನವಾಗುತ್ತಾ ನಿಮಿಷಕ್ಕೆ 1200 ಸುತ್ತಿಗೆ ಬಂದಾಗ ವಿಡಿಯೋದಲ್ಲಿ ಅದು ನಿಂತಂತೆ ಕಾಣಬೇಕು. ಅದಕ್ಕಿಂತ ಸ್ವಲ್ಪ ಕಡಿಮೆಯಾದಾಗ ಹಿಂದಕ್ಕೆ ತಿರುಗಬೇಕು. 900ರ ಹತ್ತಿರ ಮೂರರ ಬದಲು ಆರು ರೆಕ್ಕೆಗಳಿದ್ದಂತೆ ತೋರಬೇಕು. ನಂತರ ಮತ್ತೆ ಮುಂದಕ್ಕೆ ತಿರುಗಿ, 600ಕ್ಕೆ ಇನ್ನೊಮ್ಮೆ 'ನಿಲ್ಲಬೇಕು'. ಫ್ಯಾನ್ ಮಾತ್ರ ಇಷ್ಟು ಹೊತ್ತೂ ಒಂದೇ ದಿಕ್ಕಿಗೆ ತಿರುಗುತ್ತಿತ್ತು. ಕೆಲವು ಫೋನ್‌ಗಳಲ್ಲಿ ರೆಕ್ಕೆ ಬಾಗಿದಂತೆಯೂ ಕಾಣಬಹುದು. ಮೊಬೈಲ್ ಕ್ಯಾಮೆರಾ ಇಡೀ ಫೋಟೋವನ್ನು ಒಮ್ಮೆಗೇ ತೆಗೆಯದೆ ಸಾಲು ಸಾಲಾಗಿ ತೆಗೆಯುವುದು ಇದಕ್ಕೆ ಕಾರಣ.

ಪ್ರಚಾರದಲ್ಲಿರುವ ಮಾತು 2: ಡಿಜಿಟಲ್ ಹಾಡಿನಲ್ಲಿ ಅರ್ಧ ಶಬ್ದ ಕಾಣೆ

ಈ ಮಾತಿನ ಜೊತೆ ಸಾಮಾನ್ಯವಾಗಿ ಒಂದು ಚಿತ್ರವಿರುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಯ ಶಬ್ದಕ್ಕೆ ನಯವಾದ ಗೆರೆ, ಸಿ.ಡಿ.ಯ ಶಬ್ದಕ್ಕೆ ಮೆಟ್ಟಿಲು ಮೆಟ್ಟಿಲಾದ ಗೆರೆ. ನೋಡಿದವರಿಗೆ ಹೌದಲ್ಲ ಅನಿಸುತ್ತದೆ.

ಮನುಷ್ಯನ ಕಿವಿಗೆ ಕೇಳುವ ಶಬ್ದ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗೆ. ವಯಸ್ಸಾದಂತೆ ಈ ಮೇಲಿನ ಮಿತಿ ಇಳಿಯುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತಾರೆ. ಅದರ ಅರ್ಧ 22,050. ಕಿವಿಯ ಮಿತಿಗಿಂತ ಇದು ಮೇಲೆಯೇ ಇದೆ.

ಅಳೆಯುವ ಮೊದಲು ಇನ್ನೊಂದು ಕೆಲಸ ನಡೆಯುತ್ತದೆ. ಮಿತಿಗಿಂತ ಮೇಲಿನ ಕಂಪನಗಳನ್ನು ಒಂದು ಫಿಲ್ಟರ್ ಮೂಲಕ ಸೋಸಿ ತೆಗೆಯುತ್ತಾರೆ. ನಾವು ಮೇಲೆ ಹೇಳಿದ ಷರತ್ತು ಇದೇ. ಹಾಗೆ ಸೋಸಿದ ಮೇಲೆ ಚುಕ್ಕಿಗಳ ನಡುವೆ ಕಳೆದುಹೋಗುವಂಥದ್ದು ಏನೂ ಉಳಿದಿರುವುದಿಲ್ಲ. ಹಾಡು ಕೇಳುವಾಗ ಚುಕ್ಕಿಗಳಿಂದ ನಯವಾದ ಅಲೆಯನ್ನೇ ಮತ್ತೆ ಕಟ್ಟಲಾಗುತ್ತದೆ. ಸ್ಪೀಕರಿಗೆ ಹೋಗುವುದು ಆ ನಯವಾದ ಅಲೆ. ಮೆಟ್ಟಿಲುಗಳು ಇರುವುದು ಫಾರ್ವರ್ಡ್ ಚಿತ್ರದಲ್ಲಿ ಮಾತ್ರ.

ಹಾಗಾದರೆ ಕೆಲವು ಡಿಜಿಟಲ್ ಹಾಡುಗಳು ಚಪ್ಪೆಯಾಗಿ ಕೇಳುವುದು ಸುಳ್ಳೇ? ಸುಳ್ಳಲ್ಲ. ಆದರೆ ಕಾರಣ ಬೇರೆ. ಫೈಲ್ ಚಿಕ್ಕದಾಗಲೆಂದು ಎಂಪಿ3ಯಂಥ ರೂಪಕ್ಕೆ ಅತಿಯಾಗಿ ಕುಗ್ಗಿಸಿದಾಗ ವಿವರಗಳು ನಿಜವಾಗಿಯೂ ಹೋಗುತ್ತವೆ. ಕಳಪೆ ಇಯರ್‌ಫೋನ್, ಕೆಟ್ಟ ರೆಕಾರ್ಡಿಂಗ್ ಕೂಡ ಕಾರಣ. ಗ್ರಾಮಫೋನ್ ತಟ್ಟೆಯ ದನಿ ನಿಮಗೆ ಹೆಚ್ಚು ಇಷ್ಟವಾದರೆ ಅದು ನಿಮ್ಮ ರುಚಿ, ಅದರಲ್ಲಿ ತಪ್ಪೇನಿಲ್ಲ. 'ಸಿ.ಡಿ.ಯಲ್ಲಿ ನಡುವಿನ ಶಬ್ದ ಇಲ್ಲ' ಎನ್ನುವುದು ಮಾತ್ರ ಸರಿಯಲ್ಲ.

ಫೋನಿನಲ್ಲಿ 'ಎಸ್' ಮತ್ತು 'ಎಫ್' ಯಾಕೆ ಗೊಂದಲ?

ಸೋಸಿ ತೆಗೆದದ್ದು ನಿಜಕ್ಕೂ ನಷ್ಟವಾಗುವ ಜಾಗವೂ ಇದೆ, ಅದು ಟೆಲಿಫೋನ್. ಡಿಜಿಟಲ್ ದೂರವಾಣಿ ಜಾಲವನ್ನು ರೂಪಿಸುವಾಗ ಮಾತು ಅರ್ಥವಾದರೆ ಸಾಕು ಎಂಬ ಲೆಕ್ಕದಲ್ಲಿ 300ರಿಂದ 3,400 ಕಂಪನಗಳನ್ನು ಮಾತ್ರ ಉಳಿಸಿಕೊಂಡು, ಸೆಕೆಂಡಿಗೆ 8,000 ಬಾರಿ ಅಳೆಯುವುದೆಂದು ನಿಗದಿ ಮಾಡಿದರು. 'ಸ' ಮತ್ತು 'ಫ' ಅಕ್ಷರಗಳ ಉಸಿರಿನ ಸದ್ದಿನಲ್ಲಿ ಬಹುಪಾಲು ಆ ಮಿತಿಗಿಂತ ಮೇಲಿದೆ. ಅದು ಸೋಸಿ ಹೋದ ಮೇಲೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಬ್ಯಾಂಕಿನವರಿಗೆ ಫೋನಿನಲ್ಲಿ ಹೆಸರಿನ ಇನಿಷಿಯಲ್ ಹೇಳುವಾಗ "ಎಸ್, ಎಸ್ ಫಾರ್ ಸುರೇಶ" ಎಂದು ನಾವೆಲ್ಲ ಕೂಗಿ ಹೇಳುವುದು ಈ ಕಾರಣಕ್ಕೇ. ಈಗ 4ಜಿ ಫೋನ್‌ಗಳ ಎಚ್‌ಡಿ ವಾಯ್ಸ್‌ನಲ್ಲಿ ಸೆಕೆಂಡಿಗೆ 16,000 ಬಾರಿ ಅಳೆದು, ಸುಮಾರು 7,000 ಕಂಪನಗಳವರೆಗೆ ಕಳಿಸುತ್ತಾರೆ. ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳುವುದು ಅದಕ್ಕೇ.

ಸೋಸದೆಯೇ ಅಳೆದಿದ್ದರೆ ಇನ್ನೂ ಕೆಡುತ್ತಿತ್ತು. ಸೆಕೆಂಡಿಗೆ 5,000 ಬಾರಿ ಕಂಪಿಸುವ ಶಬ್ದವನ್ನು 8,000 ಬಾರಿ ಮಾತ್ರ ಅಳೆದರೆ, ಅದು 3,000 ಕಂಪನದ ಶಬ್ದವಾಗಿ ಕೇಳುತ್ತದೆ. ಎರಡರ ಚುಕ್ಕಿಗಳೂ ಒಂದೇ ರೀತಿ ಇರುತ್ತವೆ. ಒಮ್ಮೆ ಹೀಗೆ ಬೆರೆತುಹೋದರೆ ಚುಕ್ಕಿಗಳನ್ನಷ್ಟೇ ನೋಡಿ ಯಾವುದು ಅಸಲಿ, ಯಾವುದು ಹುಸಿ ಎಂದು ಬೇರ್ಪಡಿಸಲು ಯಾವ ಸಾಫ್ಟ್‌ವೇರ್‌ಗೂ ಆಗದು. ಎಚ್ಚರ ವಹಿಸಬೇಕಾದ್ದು ಅಳೆಯುವ ಮೊದಲು.

ಜೀವಕ್ಕೆ ಅಪಾಯವಾಗುವ ಹುಸಿ ಅಲೆ

ಕ್ಯಾಮೆರಾ ಇಲ್ಲದೆಯೂ ಬರಿಗಣ್ಣಿಗೆ ಈ ಮೋಸ ಆಗಬಹುದು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದ್ದು. ಹಳೆಯ ಟ್ಯೂಬ್‌ಲೈಟ್‌ಗಳು, ಅಗ್ಗದ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಆ ಬೆಳಕಿನಲ್ಲಿ ತಿರುಗುವ ವಸ್ತುವನ್ನು ನಾವು ಸೆಕೆಂಡಿಗೆ 100 ಬಾರಿ 'ಅಳೆದಂತೆ' ಆಗುತ್ತದೆ.

ನಾಲ್ಕು ಹಲ್ಲಿನ ಚಕ್ ಇರುವ ಲೇತ್ ಮಷಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 25 ಸುತ್ತು, ನಾಲ್ಕು ಹಲ್ಲುಗಳಿಂದ ಗುಣಿಸಿದರೆ 100. ದೀಪದ ಮಿಣುಕೂ 100. ಆಗ ಪೂರ್ತಿ ವೇಗದಲ್ಲಿರುವ ಚಕ್ ನಿಂತಂತೆ ಅಥವಾ ಮೆಲ್ಲಗೆ ತಿರುಗುತ್ತಿರುವಂತೆ ಕಾಣಬಹುದು. ಗದ್ದಲದ ಶೆಡ್‌ನಲ್ಲಿ ಸದ್ದಿನಿಂದಲೂ ಗೊತ್ತಾಗದೆ ಯಾರಾದರೂ ಕೈ ಹಾಕಿದರೆ ಗತಿಯೇನು?

ಹೀಗಾಗಿಯೇ ದೊಡ್ಡ ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸ್‌ಗೆ ಕೊಡುವ ಪದ್ಧತಿ ಬಂತು. ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿರುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್ ಇರಲಿ, ಊರಿನ ವೆಲ್ಡಿಂಗ್ ಶೆಡ್ ಇರಲಿ, ಒಂದೇ ದೀಪದ ಕೆಳಗೆ ಮಷಿನ್ ನಡೆಸುವವರು ಮಿಣುಕದ ಒಳ್ಳೆಯ ದೀಪ ಹಾಕಿಸಿಕೊಳ್ಳಿ. ಮಷಿನ್ ನಿಂತಿದೆಯೇ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಸ್ವಿಚ್ ಆರಿಸಿ, ಪೂರ್ತಿ ನಿಲ್ಲಲು ಬಿಟ್ಟು, ಆಮೇಲೆಯೇ ಕೈ ಹಾಕಿ. ಈ ಒಂದು ಮಾತನ್ನು ನಿಮ್ಮ ಗ್ರೂಪಿನಲ್ಲಿ ಖಂಡಿತ ಹಂಚಿಕೊಳ್ಳಿ.

ಪ್ರಚಾರದಲ್ಲಿರುವ ಮಾತು 3: ವಾಚ್ ನಾರ್ಮಲ್ ಎಂದಿತು, ಹೃದಯಕ್ಕೆ ಏನೂ ಆಗಿಲ್ಲ

ಆಸ್ಪತ್ರೆಯ ಇಸಿಜಿ ಯಂತ್ರ ಹೃದಯದ ವಿದ್ಯುತ್ ಅಲೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 500 ಬಾರಿ ಅಥವಾ ಇನ್ನೂ ಹೆಚ್ಚು ಬಾರಿ ಅಳೆಯುತ್ತದೆ. ಕಾರಣ, ಆ ಅಲೆಯ ಚೂಪಾದ ಶಿಖರ ಬಂದು ಹೋಗುವುದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ವಿರಳವಾಗಿ ಅಳೆದರೆ ಶಿಖರವೇ ತಪ್ಪಿಹೋಗುತ್ತದೆ. ಇಸಿಜಿ ಸೌಲಭ್ಯವಿರುವ ಒಳ್ಳೆಯ ವಾಚ್‌ಗಳು ಕೂಡ ಸಾಕಷ್ಟು ಒತ್ತಾಗಿಯೇ ಅಳೆಯುತ್ತವೆ. ತೊಂದರೆ ಅಲ್ಲಿಲ್ಲ.

ತೊಂದರೆ ಇರುವುದು ಯಾವಾಗ ಅಳೆದೆವು ಎಂಬುದರಲ್ಲಿ. ವಾಚ್‌ನ ಒಂದು ಇಸಿಜಿ ಸಾಮಾನ್ಯವಾಗಿ 30 ಸೆಕೆಂಡಿನದ್ದು. ಒಂದು ದಿನದಲ್ಲಿ ಅಂಥ 2,880 ತುಣುಕುಗಳಿವೆ. ನೀವು ನೋಡಿದ್ದು ಒಂದು ತುಣುಕು. ಹೃದಯದ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಹಲವರಲ್ಲಿ ಬಂದು ಹೋಗುತ್ತಿರುತ್ತದೆ. ಬಂದಾಗ ಅಳೆಯದಿದ್ದರೆ ಸಿಕ್ಕುವುದಿಲ್ಲ. ಅನುಮಾನವಿದ್ದಾಗ ಡಾಕ್ಟರು 24 ಅಥವಾ 48 ಗಂಟೆ ಎದೆಗೆ ಅಂಟಿಸಿಕೊಳ್ಳುವ ಹೋಲ್ಟರ್ ಯಂತ್ರ ಕೊಡುವುದು ಇದಕ್ಕಾಗಿ.

ವಾಚ್‌ನ ಆ್ಯಪ್‌ನಲ್ಲಿ ಕಾಣುವ ದಿನವಿಡೀ ನಾಡಿ ಬಡಿತದ ಗೆರೆಯನ್ನೂ ಹೀಗೇ ನೋಡಬೇಕು. ಬ್ಯಾಟರಿ ಉಳಿಸಲು ಹಲವು ವಾಚ್‌ಗಳು ಕೆಲವು ನಿಮಿಷಗಳಿಗೊಮ್ಮೆ ಮಾತ್ರ ಅಳೆಯುತ್ತವೆ. 10 ನಿಮಿಷಕ್ಕೊಮ್ಮೆ ಎಂದಾದರೆ ದಿನಕ್ಕೆ 144 ಚುಕ್ಕಿ. ನಡುವಿನ ಗೆರೆ ಆ್ಯಪ್ ಎಳೆದದ್ದು. ಮೆಟ್ಟಿಲು ಹತ್ತಿದರೆ ಸಾಕು, ನಾಡಿ ಬಡಿತ ಕೆಲವೇ ಸೆಕೆಂಡುಗಳಲ್ಲಿ ಬದಲಾಗುತ್ತದೆ. ಸಿ.ಡಿ.ಯ ಶಬ್ದಕ್ಕೆ ಇರುವಂತೆ 'ಇಷ್ಟಕ್ಕಿಂತ ವೇಗವಾಗಿ ಬದಲಾಗುವುದಿಲ್ಲ' ಎಂಬ ಮಿತಿ ಇಲ್ಲಿ ಇಲ್ಲ. ಆದ್ದರಿಂದ ಶ್ಯಾನನ್ ಕೊಟ್ಟ ಭರವಸೆ ಈ ಗೆರೆಗೆ ಸಿಗುವುದಿಲ್ಲ. ಐದು ನಿಮಿಷ ಎದೆ ಹೊಡೆದುಕೊಂಡು ಸುಮ್ಮನಾದರೆ ಅದು ಎರಡು ಚುಕ್ಕಿಗಳ ನಡುವೆ ನುಸುಳಿಹೋಗಬಹುದು.

ವಾಚ್ ಏನಾದರೂ ಎಚ್ಚರಿಕೆ ಕೊಟ್ಟರೆ ಕಡೆಗಣಿಸಬೇಡಿ, ಡಾಕ್ಟರಿಗೆ ತೋರಿಸಿ. ಆದರೆ ಎದೆನೋವು, ಉಸಿರಾಟದ ತೊಂದರೆ, ತಲೆ ಸುತ್ತಿ ಬೀಳುವುದು ಇವು ಬಂದಾಗ ವಾಚ್ 'ನಾರ್ಮಲ್' ಎಂದರೂ ಮನೆಯಲ್ಲಿ ಕೂರಬೇಡಿ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಶುಗರ್, ಬಿಪಿ ಪರೀಕ್ಷೆಗೂ ಇದೇ ಮಾತು

ಅಪ್ಪ ಪ್ರತಿ ಬಾರಿಯೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಶುಗರ್ ನೋಡಿಸುತ್ತಾರೆ, ಯಾವಾಗಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಎಂದುಕೊಳ್ಳುವವರಿದ್ದಾರೆ. ಇದು ಮಲ್ಪೆಯಲ್ಲಿ ದಿನವೂ 7 ಗಂಟೆಗೆ ಹೋಗಿ ಗುರುತು ಹಾಕಿದಂತೆಯೇ. ರಕ್ತದ ಸಕ್ಕರೆ ಪ್ರತಿ ಊಟದ ನಂತರ ಏರಿ ಇಳಿಯುತ್ತದೆ. ಒಂದೇ ಹೊತ್ತಿಗೆ ಅಳೆದರೆ ಆ ಏರಿಳಿತ ಎಂದೂ ಚೀಟಿಗೆ ಬರುವುದಿಲ್ಲ. ಊಟವಾದ ಎರಡು ಗಂಟೆಯ ನಂತರದ ಪರೀಕ್ಷೆಯನ್ನೂ ಡಾಕ್ಟರು ಬರೆಯುವುದು ಇದಕ್ಕೆ. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಮಟ್ಟವನ್ನು ತಿಳಿಸುತ್ತದೆ.

ರಕ್ತದೊತ್ತಡಕ್ಕೂ ದಿನದ ಲಯ ಇದೆ. ಸಾಮಾನ್ಯವಾಗಿ ನಿದ್ದೆಯಲ್ಲಿ ಇಳಿದು, ಬೆಳಗಿನ ಹೊತ್ತು ಏರುತ್ತದೆ. ಔಷಧದ ಪರಿಣಾಮವನ್ನು ಹೋಲಿಸಿ ನೋಡಲು ದಿನವೂ ಒಂದೇ ಹೊತ್ತಿಗೆ ಅಳೆಯುವುದು ಒಳ್ಳೆಯದೇ. ಆದರೆ ಆ ಒಂದು ಹೊತ್ತಿನ ಅಂಕಿಯೇ ಇಡೀ ದಿನದ ಕಥೆಯಲ್ಲ. ಬೇಕೆನಿಸಿದಾಗ ಡಾಕ್ಟರು 24 ಗಂಟೆಯ ಬಿಪಿ ಪರೀಕ್ಷೆ ಹೇಳುತ್ತಾರೆ. ಅದರಲ್ಲಿ ಹಗಲು ಹೊತ್ತು ಸಾಮಾನ್ಯವಾಗಿ 15ರಿಂದ 30 ನಿಮಿಷಕ್ಕೊಮ್ಮೆ ಅಳತೆಯಾಗುತ್ತದೆ.

ಗ್ರಾಫ್ ಅಥವಾ ವಿಡಿಯೋ ಫಾರ್ವರ್ಡ್ ಮಾಡುವ ಮೊದಲು ಕೇಳಬೇಕಾದ ಮೂರು ಪ್ರಶ್ನೆ

1. ಇದನ್ನು ಎಷ್ಟು ಹೊತ್ತಿಗೊಮ್ಮೆ ಅಳೆದಿದ್ದಾರೆ?
2. ಅಳೆಯುತ್ತಿರುವ ವಿಷಯ ಎಷ್ಟು ಬೇಗ ಬದಲಾಗಬಲ್ಲದು?
3. ಚುಕ್ಕಿಗಳ ನಡುವಿನ ಗೆರೆ ಲೆಕ್ಕದಿಂದ ಬಂದದ್ದೋ, ಸುಮ್ಮನೆ ಸೇರಿಸಿ ಎಳೆದದ್ದೋ?

ನಮ್ಮ ತೀರ್ಮಾನ

ಹೆಲಿಕಾಪ್ಟರ್ ರೆಕ್ಕೆ ತಿರುಗದೆ ಹಾರಿತು ಎಂಬುದು ಸುಳ್ಳು. ಕ್ಯಾಮೆರಾದ ಫೋಟೋಗಳ ವೇಗ ಮತ್ತು ರೆಕ್ಕೆಯ ವೇಗ ಹೊಂದಿಕೊಂಡಾಗ ಹಾಗೆ ಕಾಣುತ್ತದೆ. ಸಿ.ಡಿ. ಗುಣಮಟ್ಟದ ಡಿಜಿಟಲ್ ಹಾಡಿನಲ್ಲಿ ನಡುವಿನ ಶಬ್ದ ಕಾಣೆ ಎಂಬುದೂ ಸುಳ್ಳು. ಅಲ್ಲಿ ಮೊದಲೇ ಸೋಸಿ, ಸಾಕಷ್ಟು ಒತ್ತಾಗಿ ಅಳೆದಿರುತ್ತಾರೆ. ವಾಚ್ ನಾರ್ಮಲ್ ತೋರಿಸಿದರೆ ಹೃದಯ ಸರಿಯಿದೆ ಎಂಬುದು ದಾರಿ ತಪ್ಪಿಸುವ ಮಾತು. ಆ 30 ಸೆಕೆಂಡಿನಲ್ಲಿ ಏನೂ ಕಾಣಲಿಲ್ಲ ಎಂಬುದಷ್ಟೇ ಅದರ ಅರ್ಥ.